ಒಂದು ತೂಕಕ್ಕೆ ಹತ್ತು ವರ್ಷ

2022ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಂಕಿ ಅಚ್ಚಾಯಿತು: 80,433.5. ಭೌತವಿಜ್ಞಾನದ ಬುಡವೇ ಅಲುಗಿತು ಎಂಬ ಧಾಟಿಯಲ್ಲಿ ಪತ್ರಿಕೆಗಳು ತಲೆಬರಹ ಕೊಟ್ಟವು. ಆ ಅಂಕಿಯ ಬೆನ್ನಿಗೇ ಅಚ್ಚಾಗಿದ್ದ ಇನ್ನೊಂದು ಪುಟ್ಟ ಅಂಕಿಯನ್ನು ಹೆಚ್ಚಿನವರು ಓದದೆ ದಾಟಿದರು. ಅದು ± 9.4. ನನ್ನ ಮಟ್ಟಿಗೆ ನಿಜವಾದ ಸುದ್ದಿ ಇದ್ದದ್ದು ಅದರಲ್ಲಿ.

ಮೊದಲನೆಯದು ಡಬ್ಲ್ಯೂ ಬೋಸಾನ್ ಎಂಬ ಕಣದ ತೂಕ. ಎರಡನೆಯದು, ಆ ತೂಕ ಎಷ್ಟು ಆಚೀಚೆ ಇರಬಹುದೆಂದು ತೂಗಿದವರೇ ಕೊಟ್ಟ ಲೆಕ್ಕ. ತೂಗಿದವರು ಅಮೆರಿಕದ ಫರ್ಮಿಲ್ಯಾಬ್‌ನ ಸಿಡಿಎಫ್ ಪ್ರಯೋಗದ ಸುಮಾರು 400 ವಿಜ್ಞಾನಿಗಳು. ಈ ಒಂದು ತೂಕದ ಕೆಲಸಕ್ಕೆ ಮುಂದಾಳಾಗಿದ್ದವರು ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಭಾರತೀಯ ಮೂಲದ ಪ್ರಾಧ್ಯಾಪಕ ಆಶುತೋಷ್ ಕೋತ್ವಾಲ್. ಸಿಡಿಎಫ್ ಇದಕ್ಕೂ ಮುಂಚೆ 2012ರಲ್ಲಿ ಇದೇ ಕಣವನ್ನು ತೂಗಿ 80,387 ± 19 ಎಂದು ಹೇಳಿತ್ತು. ಆ 19ನ್ನು 9.4ಕ್ಕೆ ಇಳಿಸಲು ಹತ್ತು ವರ್ಷ ಹಿಡಿಯಿತು. ಹತ್ತು ವರ್ಷ ಅವರು ಮಾಡಿದ್ದಾದರೂ ಏನು?

ಕಣಗಳ ತೂಕವನ್ನು ಹೇಳುವುದು ಎಂಇವಿ, ಅಂದರೆ ಮೆಗಾ ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ. ಎಲೆಕ್ಟ್ರಾನ್ ಅರ್ಧ ಎಂಇವಿ ತೂಗುತ್ತದೆ, ಪ್ರೋಟಾನ್ 938. ಡಬ್ಲ್ಯೂ ಎಂಬತ್ತು ಸಾವಿರ ದಾಟುತ್ತದೆ, ಇಡೀ ಕಬ್ಬಿಣದ ಪರಮಾಣುವಿಗಿಂತ ಭಾರ. ಅಂಕಿಗಳು ಅನುಕೂಲವಾಗಿಯೇ ಇವೆ: ಎಂಇವಿ ಬದಲು ಗ್ರಾಂ ಎಂದು ಓದಿಕೊಳ್ಳಿ. ಎಂಬತ್ತು ಕಿಲೋ ಆಸಾಮಿಯೊಬ್ಬನನ್ನು ತಕ್ಕಡಿಗೆ ಹತ್ತಿಸಿ, ಹತ್ತು ಗ್ರಾಂಗಿಂತ ಹೆಚ್ಚು ತಪ್ಪಿರಲಾರದು ಎನ್ನುವ ಧೈರ್ಯ ಇದು. ಅವನು ಕುಡಿದ ಒಂದು ಗುಟುಕು ನೀರು ಕೂಡ ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಈ ಆಸಾಮಿ ತಕ್ಕಡಿಯ ಮೇಲೆ ನಿಲ್ಲುವುದೇ ಇಲ್ಲ. ಹುಟ್ಟಿದ ಡಬ್ಲ್ಯೂ ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಕೋಟಿಯಲ್ಲೊಂದು ಭಾಗವೂ ಬದುಕದೆ ಒಡೆದುಹೋಗುತ್ತದೆ.

ಇಷ್ಟು ಅಲ್ಪಾಯುಷಿಯ ಉಸಾಬರಿ ನಮಗೇಕೆ ಎನ್ನುವವರಿಗೆ ಸೂರ್ಯನನ್ನು ತೋರಿಸಬೇಕು. ಸೂರ್ಯನ ಗರ್ಭದಲ್ಲಿ ಎರಡು ಪ್ರೋಟಾನ್‌ಗಳು ಕೂಡಿಕೊಳ್ಳಬೇಕಾದರೆ ಅವುಗಳಲ್ಲೊಂದು ನ್ಯೂಟ್ರಾನ್ ಆಗಿ ಬದಲಾಗಬೇಕು. ಬದಲಾಯಿಸುವ ಮಧ್ಯವರ್ತಿ ಈ ಡಬ್ಲ್ಯೂ. ಅದು ಇಷ್ಟು ಭಾರ ಇರುವುದರಿಂದಲೇ ಆ ಬದಲಾವಣೆ ಅತಿ ಅಪರೂಪ, ಅತಿ ನಿಧಾನ. ಡಬ್ಲ್ಯೂ ಹಗುರಾಗಿದ್ದಿದ್ದರೆ ಸೂರ್ಯ ತನ್ನ ಉರುವಲನ್ನು ಎಂದೋ ಮುಗಿಸಿಕೊಳ್ಳುತ್ತಿದ್ದ. 460 ಕೋಟಿ ವರ್ಷ ಉರಿದ ಮೇಲೂ ಅವನ ಬಳಿ ಇನ್ನೂ ಅಷ್ಟೇ ಕಾಲದ ದಾಸ್ತಾನು ಇದೆ.

ಡಬ್ಲ್ಯೂ ಕಣ್ಣಿಗೆ ಬಿದ್ದದ್ದು 1983ರಲ್ಲಿ, ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ. ಮರುವರ್ಷವೇ ಕಾರ್ಲೊ ರುಬಿಯಾ ಮತ್ತು ಸಿಮೊನ್ ವಾನ್ ಡೆರ್ ಮೀರ್ ಅವರಿಗೆ ನೊಬೆಲ್ ಬಂತು. ಕಂಡುಹಿಡಿಯುವ ಕತೆ ಅಲ್ಲಿಗೆ ಮುಗಿಯಿತು. ತೂಗುವ ಕತೆ ಮುಗಿಯಲಿಲ್ಲ, ಅದಕ್ಕೆ ಕಾರಣವಿದೆ. ಕಣಲೋಕದ ಈವರೆಗಿನ ಪಂಚಾಂಗವಾದ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಡಬ್ಲ್ಯೂ ತೂಕ ಸ್ವತಂತ್ರವಲ್ಲ. ಟಾಪ್ ಕ್ವಾರ್ಕ್, ಹಿಗ್ಸ್ ಎಂಬ ಇನ್ನೆರಡು ಕಣಗಳು ಎಷ್ಟು ಭಾರ ಎಂಬುದರ ಜೊತೆ ಅದು ಕಟ್ಟುಬಿದ್ದಿದೆ. ಟಾಪ್ ಕ್ವಾರ್ಕ್ 1995ರಲ್ಲಿ ಫರ್ಮಿಲ್ಯಾಬ್‌ನಲ್ಲಿ ಸಿಕ್ಕಿತು, ಹಿಗ್ಸ್ 2012ರಲ್ಲಿ ಸರ್ನ್‌ನಲ್ಲಿ. ಎರಡರ ತೂಕವೂ ಗೊತ್ತಾದ ಮೇಲೆ ಡಬ್ಲ್ಯೂ ಎಷ್ಟು ತೂಗಬೇಕೆಂದು ಕಾಗದದ ಮೇಲೆಯೇ ಹೇಳಬಹುದು: 80,357, ಹೆಚ್ಚುಕಡಿಮೆ 6. ಅಳತೆಗೂ ಈ ಲೆಕ್ಕಕ್ಕೂ ತಾಳೆಯಾಗದಿದ್ದರೆ, ನಾವಿನ್ನೂ ಕಾಣದ ಯಾವುದೋ ಕಣ ತೆರೆಮರೆಯಲ್ಲಿ ಕೈಯಾಡಿಸುತ್ತಿದೆ ಎಂದಾಯಿತು. ಹೊಸ ಕಣವನ್ನು ಹುಟ್ಟಿಸುವಷ್ಟು ಶಕ್ತಿಯ ಯಂತ್ರ ಕೈಯಲ್ಲಿಲ್ಲದಿದ್ದರೂ, ಹಳೆಯ ಕಣವೊಂದನ್ನು ಸಾಕಷ್ಟು ಸೂಕ್ಷ್ಮವಾಗಿ ತೂಗಿ ಹೊಸದರ ಸುಳಿವು ಹಿಡಿಯಬಹುದು. ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಹತ್ತು ವರ್ಷ ಒಂದೇ ಅಂಕಿಯ ಹಿಂದೆ ಬೀಳಲು ಇದಕ್ಕಿಂತ ಬೇರೆ ಆಸೆ ಬೇಕಿಲ್ಲ.

ಇನ್ನು ತಕ್ಕಡಿಯ ವಿಚಾರ. ಷಿಕಾಗೊ ನಗರದ ಪಶ್ಚಿಮಕ್ಕಿರುವ ಬಟಾವಿಯಾ ಎಂಬ ಊರಿನಲ್ಲಿ ನೆಲದಡಿ ಸುಮಾರು 6.3 ಕಿಲೋಮೀಟರ್ ಸುತ್ತಳತೆಯ ಟೆವಟ್ರಾನ್ ಎಂಬ ಉಂಗುರವಿತ್ತು. ಅದರಲ್ಲಿ ಪ್ರೋಟಾನ್‌ಗಳು ಒಂದು ದಿಕ್ಕಿಗೆ, ಅವುಗಳ ವೈರಿಗಳಾದ ಪ್ರತಿಪ್ರೋಟಾನ್‌ಗಳು ಎದುರು ದಿಕ್ಕಿಗೆ ಓಡಿ ಎರಡು ಕಡೆ ಡಿಕ್ಕಿ ಹೊಡೆಯುತ್ತಿದ್ದವು. ಒಂದು ಡಿಕ್ಕಿಯ ಸ್ಥಳವನ್ನು ಸುತ್ತುವರಿದು ಕುಳಿತಿದ್ದ ಬಹುಅಂತಸ್ತಿನ ಉಪಕರಣವೇ ಸಿಡಿಎಫ್. ಡಿಕ್ಕಿಗಳಲ್ಲಿ ಅಪರೂಪಕ್ಕೊಮ್ಮೆ ಡಬ್ಲ್ಯೂ ಹುಟ್ಟುತ್ತದೆ. ಹುಟ್ಟಿದ್ದು ಕೆಲವು ಸಲ ಒಂದು ಮ್ಯೂಆನ್ ಅಥವಾ ಎಲೆಕ್ಟ್ರಾನ್ ಮತ್ತು ಒಂದು ನ್ಯೂಟ್ರಿನೊ ಆಗಿ ಒಡೆಯುತ್ತದೆ. ಮ್ಯೂಆನ್ ಉಪಕರಣದಲ್ಲಿ ಹೆಜ್ಜೆಗುರುತು ಬಿಟ್ಟು ಹೋಗುತ್ತದೆ. ನ್ಯೂಟ್ರಿನೊ ಯಾರಿಗೂ ಕಾಣದೆ, ಯಾವುದನ್ನೂ ಮುಟ್ಟದೆ ಕಟ್ಟಡದಾಚೆಗೆ ಹೊರಟುಹೋಗುತ್ತದೆ. ಒಡೆದ ಎರಡು ಹೋಳುಗಳಲ್ಲಿ ಒಂದು ಮಾತ್ರ ಕೈಗೆ ಸಿಕ್ಕಿದೆ. ಇಡಿಯ ತೂಕ ಹೇಳಬೇಕು.

ಉಪಾಯ ಇಲ್ಲದಿಲ್ಲ. ಡಿಕ್ಕಿಗೆ ಮುಂಚೆ ಕಣಗಳೆಲ್ಲ ಕೊಳವೆಯ ಉದ್ದಕ್ಕೆ ಓಡುತ್ತಿದ್ದವು, ಅಡ್ಡ ದಿಕ್ಕಿನಲ್ಲಿ ಅವಕ್ಕೆ ಚಲನೆ ಇರಲಿಲ್ಲ. ಡಿಕ್ಕಿಯಾದ ಮೇಲೂ ಅಡ್ಡ ದಿಕ್ಕಿನ ಒಟ್ಟು ಸಂವೇಗ ಸೊನ್ನೆಯಾಗಿಯೇ ಉಳಿಯಬೇಕು. ಕಂಡದ್ದನ್ನೆಲ್ಲ ಕೂಡಿಸಿದಾಗ ಸೊನ್ನೆ ಬಾರದಿದ್ದರೆ, ಕೊರತೆ ಬಿದ್ದದ್ದೇ ನ್ಯೂಟ್ರಿನೊ ಹೊತ್ತೊಯ್ದ ಪಾಲು. ಆದರೆ ಈ ಲೆಕ್ಕ ಅಡ್ಡ ದಿಕ್ಕಿಗೆ ಮಾತ್ರ ನಡೆಯುತ್ತದೆ. ಕೊಳವೆಯ ಉದ್ದಕ್ಕೆ ಎಷ್ಟು ಸೋರಿಹೋಯಿತೆಂದು ಹೇಳಲಾಗದು. ಹಾಗಾಗಿ ಒಂದು ಡಬ್ಲ್ಯೂ ನೋಡಿ ಅದರ ತೂಕ ಹೇಳಲು ಬರುವುದಿಲ್ಲ. ಲಕ್ಷಗಟ್ಟಲೆ ನೋಡಬೇಕು, ಅವುಗಳ ಅರ್ಧಂಬರ್ಧ ಲೆಕ್ಕಗಳನ್ನು ಗ್ರಾಫಿನಲ್ಲಿ ಪೇರಿಸಬೇಕು, ಆ ಗುಡ್ಡ ಯಾವ ಜಾಗದಲ್ಲಿ ಇಳಿಜಾರಾಗುತ್ತದೆ ಎಂದು ನೋಡಬೇಕು. ಆಮೇಲೆ ಡಬ್ಲ್ಯೂ ಇಷ್ಟು ತೂಗಿದ್ದರೆ ಗುಡ್ಡ ಹೀಗಿರುತ್ತಿತ್ತು, ಅಷ್ಟು ತೂಗಿದ್ದರೆ ಹಾಗಿರುತ್ತಿತ್ತು ಎಂದು ಕಂಪ್ಯೂಟರ್‌ನಲ್ಲಿ ಬಗೆಬಗೆಯ ನಕಲಿ ಗುಡ್ಡಗಳನ್ನು ಎಬ್ಬಿಸಿ, ಯಾವುದು ಅಸಲಿಗೆ ಒಪ್ಪುತ್ತದೆ ಎಂದು ಹುಡುಕಬೇಕು. ಸಿಡಿಎಫ್ ಹೀಗೆ ಪೇರಿಸಿದ್ದು 42 ಲಕ್ಷ ಡಬ್ಲ್ಯೂಗಳನ್ನು.

ಟೆವಟ್ರಾನ್ 2011ರ ಸೆಪ್ಟೆಂಬರ್ 30ರಂದೇ ನಿಂತಿತ್ತು. ಅಂದರೆ ದತ್ತಾಂಶವೆಲ್ಲ ಆ ದಿನವೇ ಕೈಯಲ್ಲಿತ್ತು. ಬೇಕಿದ್ದರೆ ಎರಡು ವರ್ಷದಲ್ಲಿ ಒಂದು ಉತ್ತರ ಹೊರಗೆ ಹಾಕಬಹುದಿತ್ತು. ಆದರೆ 42 ಲಕ್ಷ ಘಟನೆಗಳಿದ್ದಾಗ ಕೇವಲ ಎಣಿಕೆಯ ಏರುಪೇರಿನಿಂದ ಬರುವ ಅನಿಶ್ಚಿತತೆ 6.4 ಎಂಇವಿಗೆ ಇಳಿದುಬಿಡುತ್ತದೆ. ಉಳಿದದ್ದು ಉಪಕರಣದ ಓರೆಕೋರೆ. ಅದನ್ನೂ ಅಷ್ಟಕ್ಕೇ ಇಳಿಸದಿದ್ದರೆ ಇಷ್ಟೆಲ್ಲ ಕೂಡಿಹಾಕಿದ್ದು ದಂಡ. ಇಳಿಸಬೇಕಾದರೆ ಉಪಕರಣದ ಒಂದೊಂದು ತಂತಿಯನ್ನೂ ಕುಲಗೋತ್ರ ಸಮೇತ ಬಲ್ಲವರು ಬೇಕು.

ತಂತಿ ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಸಿಡಿಎಫ್‌ನ ಹೃದಯಭಾಗದಲ್ಲಿ ಅನಿಲ ತುಂಬಿದ ದೊಡ್ಡ ಉರುಳೆಯೊಂದಿತ್ತು. ಅದರಲ್ಲಿ ಸಂಕೇತ ಹಿಡಿಯುವ ತಂತಿಗಳೇ 30,240. ಮ್ಯೂಆನ್ ಹಾದುಹೋದಾಗ ದಾರಿಯ ಅಕ್ಕಪಕ್ಕದ ತಂತಿಗಳಲ್ಲಿ ಮಿಡಿತ ಹುಟ್ಟುತ್ತದೆ. ಮಿಡಿತಗಳನ್ನು ಜೋಡಿಸಿದರೆ ಅದರ ದಾರಿ. ಕಾಂತಕ್ಷೇತ್ರದಲ್ಲಿ ಆ ದಾರಿ ಎಷ್ಟು ಬಾಗಿದೆ ಎಂಬುದರಿಂದ ಸಂವೇಗ. ತಂತಿ ಎಲ್ಲಿದೆ ಎಂದು ನಕಾಶೆ ಹೇಳುತ್ತದೋ ಅಲ್ಲೇ ಇದ್ದರೆ ಎಲ್ಲವೂ ಸರಿ. ಆದರೆ ತಂತಿ ತನ್ನ ಭಾರಕ್ಕೇ ಜೋಲುತ್ತದೆ, ವಿದ್ಯುತ್ ಸೆಳೆತಕ್ಕೆ ಸರಿಯುತ್ತದೆ. ಉರುಳೆಯ ಎರಡು ತುದಿಯ ಫಲಕಗಳು ಒಂದಕ್ಕೊಂದು ಕೂದಲೆಳೆಯಷ್ಟು ತಿರುಚಿಕೊಂಡರೂ ಎಲ್ಲ ದಾರಿಗಳೂ ಇಲ್ಲದ ಬಾಗು ತೋರಿಸುತ್ತವೆ. ಸ್ಕೇಲು ಹಿಡಿದು ಒಳಗೆ ಇಳಿದು ನೋಡುವ ಹಾಗಿಲ್ಲ.

ಕೋತ್ವಾಲ್ ಮತ್ತು ಆಕ್ಸ್‌ಫರ್ಡ್‌ನ ಕ್ರಿಸ್ ಹೇಸ್ ಇದಕ್ಕೆ ಆಕಾಶದ ನೆರವು ಪಡೆದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಮ್ಯೂಆನ್‌ಗಳ ಜಡಿಮಳೆ ಸುರಿಸುತ್ತಲೇ ಇರುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಮೈಯನ್ನು ತೂರಿ ಹೋಗುತ್ತಿವೆ. ಅವು ಸಿಡಿಎಫ್‌ನ ಚಾವಣಿಯನ್ನೂ ತೂರಿ ಬರುತ್ತಿದ್ದವು. ಡಿಕ್ಕಿಯಲ್ಲಿ ಹುಟ್ಟಿದ ಮ್ಯೂಆನ್ ನಡುವಿನಿಂದ ಹೊರಟು ಒಂದೇ ಕಡೆಗೆ ಹೋಗುತ್ತದೆ. ಆಕಾಶದ ಮ್ಯೂಆನ್ ಮೇಲಿನಿಂದ ಹೊಕ್ಕು, ನಡುವನ್ನು ದಾಟಿ, ಕೆಳಗಿನಿಂದ ಹೊರಬೀಳುತ್ತದೆ. ಉಪಕರಣ ಅದನ್ನು ಎರಡು ಬೇರೆ ಬೇರೆ ದಾರಿಗಳೆಂದು ಬರೆದುಕೊಳ್ಳುತ್ತದೆ, ವಾಸ್ತವದಲ್ಲಿ ಅದು ಒಂದೇ. ಮೇಲಿನ ಅರ್ಧ ಕೆಳಗಿನ ಅರ್ಧಕ್ಕೆ ನುಣುಪಾಗಿ ಕೂಡದಿದ್ದರೆ ತಪ್ಪು ಮ್ಯೂಆನ್‌ನದ್ದಲ್ಲ, ನಕಾಶೆಯದ್ದು. ಇಂಥ ಸಾವಿರಾರು ದಾರಿಗಳನ್ನು ಕೂಡಿಸಿ, ನಕಾಶೆ ತಿದ್ದಿ, ಮತ್ತೆ ಕೂಡಿಸಿ, ಮತ್ತೆ ತಿದ್ದಿ, ತಂತಿಗಳ ಜಾಗವನ್ನು ಮೈಕ್ರಾನ್ ಲೆಕ್ಕಕ್ಕೆ ತಂದರು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ನಮ್ಮ ಕೋಲಾರದ ಚಿನ್ನದ ಗಣಿಯ ನೆನಪಾಗದೆ ಇರುವುದಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಅವರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೂಡ ಒಬ್ಬರು, ಈ ಕಣಗಳ ಬೆನ್ನುಹತ್ತಿ ಕೆಜಿಎಫ್‌ನ ಆಳಕ್ಕೆ ಇಳಿದಿದ್ದರು. 1965ರಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮೊದಲ ಸಲ ಪತ್ತೆಯಾಯಿತು. ಆ ಸಲ ಅಷ್ಟು ಆಳಕ್ಕೆ ಇಳಿದದ್ದು ಮಾತ್ರ ಈ ಮ್ಯೂಆನ್‌ಗಳ ಕಾಟ ತಪ್ಪಿಸಿಕೊಳ್ಳಲು. ಬಟಾವಿಯಾದವರು ಅದೇ ಕಾಟವನ್ನು ಕರೆದು ಮಣೆ ಹಾಕಿದರು.

ತಂತಿಗಳು ಸರಿಹೋದ ಮೇಲೆ ಬಾಗಿನಿಂದ ಸಂವೇಗಕ್ಕೆ ಹೋಗುವ ಮಾಪನವನ್ನು ಒರೆಗೆ ಹಚ್ಚಬೇಕು. ಜೆ/ಸೈ, ಅಪ್ಸಿಲಾನ್ ಎಂಬ ಕಣಗಳು ಎರಡು ಮ್ಯೂಆನ್‌ಗಳಾಗಿ ಒಡೆಯುತ್ತವೆ, ಎರಡೂ ಕಾಣುತ್ತವೆ, ಇವುಗಳ ತೂಕ ಬೇರೆ ಪ್ರಯೋಗಗಳಿಂದ ಚೆನ್ನಾಗಿ ಗೊತ್ತಿದೆ. ಅವನ್ನು ಬಟ್ಟುಗಳಾಗಿ ಇಟ್ಟುಕೊಂಡರು. ಕೊನೆಗೆ ಡಬ್ಲ್ಯೂವಿನ ಅಣ್ಣನಂತಿರುವ ಜೆಡ್ ಬೋಸಾನನ್ನು ತೂಗಿದರು. 91,192.0 ± 7.5 ಬಂತು. ಸರ್ನ್‌ನ ಹಳೆಯ ಯಂತ್ರ ಲೆಪ್ ಹೇಳಿದ್ದ 91,187.6ಕ್ಕೆ ಇದು ಸರಿಯಾಗಿ ಕೂಡುತ್ತದೆ. ತಕ್ಕಡಿ ನೆಟ್ಟಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇಷ್ಟೆಲ್ಲ ಮಾಡುವಾಗ ಉತ್ತರ ಎಷ್ಟು ಎಂಬುದು ಮಾಡುವವರಿಗೇ ಗೊತ್ತಿರಲಿಲ್ಲ. ಗೊತ್ತಾಗದಂತೆ ಅವರೇ ನೋಡಿಕೊಂಡಿದ್ದರು. ಕಂಪ್ಯೂಟರ್ ಪ್ರತಿ ಉತ್ತರಕ್ಕೂ ಮೈನಸ್ 50ರಿಂದ ಪ್ಲಸ್ 50 ಎಂಇವಿ ನಡುವಿನ ಒಂದು ಗುಟ್ಟಿನ ಅಂಕಿಯನ್ನು ಸೇರಿಸಿ ತೋರಿಸುತ್ತಿತ್ತು. ಉತ್ತರ ಕಾಣುತ್ತಿದ್ದರೆ, ತಾವು ನಿರೀಕ್ಷಿಸಿದ್ದು ಬಂದೊಡನೆ ತಿದ್ದುವುದನ್ನು ನಿಲ್ಲಿಸುವ ಚಪಲ ಎಂಥವರಿಗೂ ಹುಟ್ಟುತ್ತದೆ. ವಿಜ್ಞಾನಿಗಳ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುವವರಿಗಿಂತ, ಚಪಲಕ್ಕೆ ಜಾಗವೇ ಉಳಿಯದ ಹಾಗೆ ಕೆಲಸ ಏರ್ಪಡಿಸುವವರ ಮೇಲೆ ನನಗೆ ಗೌರವ ಹೆಚ್ಚು. 2020ರ ನವೆಂಬರ್‌ನಲ್ಲಿ, ಕೋವಿಡ್ ಕಾಲವಾದ್ದರಿಂದ ಝೂಮ್ ಸಭೆಯಲ್ಲಿ, ಗುಟ್ಟಿನ ಅಂಕಿಯನ್ನು ಕಳೆದರು. ಲೆಕ್ಕದ ತೂಕಕ್ಕಿಂತ 76.5 ಎಂಇವಿ ಹೆಚ್ಚು ಬಂದಿತ್ತು. ಅನಿಶ್ಚಿತತೆಗಳನ್ನೆಲ್ಲ ಕೂಡಿ ನೋಡಿದರೆ ಅದರ ಏಳು ಪಟ್ಟು ದೂರ. ಈ ಲೋಕದಲ್ಲಿ ಐದು ಪಟ್ಟು ದಾಟಿದರೆ ಶೋಧ ಎನ್ನುವ ವಾಡಿಕೆ. ಆದರೂ ಅಚ್ಚಿಗೆ ಹೋಗಲು ಇನ್ನೂ ಒಂದೂವರೆ ವರ್ಷದ ಒಳವಿಮರ್ಶೆ ಬೇಕಾಯಿತು.

ಇಂಥ ತಂಡದ ಒಳಗೆ ಬದುಕು ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ವಿಶ್ವವಿದ್ಯಾಲಯದ ಒಂದು ಕಣ ಭೌತವಿಜ್ಞಾನ ತಂಡವೆಂದರೆ ಸಾಮಾನ್ಯವಾಗಿ ಒಬ್ಬಿಬ್ಬರು ಪ್ರಾಧ್ಯಾಪಕರು, ಕೆಲವು ಪೋಸ್ಟ್‌ಡಾಕ್‌ಗಳು, ಬೆರಳೆಣಿಕೆಯ ಪಿಎಚ್‌ಡಿ ವಿದ್ಯಾರ್ಥಿಗಳು. ಪ್ರಾಧ್ಯಾಪಕರಿಗೆ ಬೆಳಿಗ್ಗೆ ಪದವಿ ತರಗತಿಯ ಪಾಠವೂ ಇರುತ್ತದೆ, ಸಂಜೆ ಇನ್ನೊಂದು ಖಂಡದವರ ಜೊತೆ ಸಭೆಯೂ ಇರುತ್ತದೆ. ಯಂತ್ರ ನಡೆಯುತ್ತಿದ್ದಾಗ ಕಂಟ್ರೋಲ್ ರೂಮಿನ ರಾತ್ರಿ ಪಾಳಿ, ಕೆಟ್ಟ ಬೋರ್ಡು ಬದಲಿಸುವ ಕೆಲಸ, ದತ್ತಾಂಶದ ಗುಣಮಟ್ಟ ನೋಡುವ ಕೆಲಸ ಎಲ್ಲರ ಪಾಲಿಗೂ ಬರುತ್ತದೆ. ಪ್ರಬಂಧ ಹೊರಬಂದಾಗ ನೂರಾರು ಹೆಸರುಗಳು ಅಕಾರಾದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಯಾರು ತಂತಿ ಸರಿಮಾಡಿದರು, ಯಾರು ಬಟ್ಟು ನೋಡಿದರು ಎಂಬುದು ಆ ಪಟ್ಟಿಯಿಂದ ಗೊತ್ತಾಗುವುದಿಲ್ಲ. ಯಂತ್ರ ನಿಂತ ಮೇಲೆ ಇನ್ನೂ ಕಷ್ಟ. ಜನ ಹೊಸ ಪ್ರಯೋಗಗಳತ್ತ ಸರಿಯುತ್ತಾರೆ, ವಿದ್ಯಾರ್ಥಿಗಳು ಪದವಿ ಪಡೆದು ಹೋಗುತ್ತಾರೆ. ನಿಂತುಹೋದ ಯಂತ್ರದ ದತ್ತಾಂಶವನ್ನು ಇನ್ನೂ ಹತ್ತು ವರ್ಷ ತೊಳೆಯುತ್ತೇವೆಂದು ಯಾರಾದರೂ ಅರ್ಜಿ ಹಾಕಿದರೆ, ಹಣ ಕೊಡುವ ಸಮಿತಿಯ ಹುಬ್ಬು ಮೇಲೇರುವುದು ಯಾವ ದೇಶದಲ್ಲೂ ಸಹಜ.

ಫಲಿತಾಂಶ ಪ್ರಕಟವಾದದ್ದೇ ತಡ, ಸಿದ್ಧಾಂತಿಗಳಿಗೆ ಹಬ್ಬ. ಆ 76 ಎಂಇವಿ ವ್ಯತ್ಯಾಸವನ್ನು ತುಂಬಬಲ್ಲ ಹೊಸ ಕಣಗಳ ಬಗ್ಗೆ ರಾಶಿರಾಶಿ ಪ್ರಬಂಧಗಳು ಬಂದವು. ಅವುಗಳ ವಿವರಕ್ಕೆ ಇಲ್ಲಿ ಇಳಿಯುವುದಿಲ್ಲ. ಪ್ರಯೋಗಶೀಲರು ಮಾತ್ರ ಅಷ್ಟು ಉತ್ಸಾಹ ತೋರಲಿಲ್ಲ. ಲೆಪ್, ಟೆವಟ್ರಾನ್‌ನ ಇನ್ನೊಂದು ಪ್ರಯೋಗ ಡಿ-ಝೀರೊ, ಸರ್ನ್‌ನ ಅಟ್ಲಾಸ್ ಎಲ್ಲವೂ 80,370ರ ಆಸುಪಾಸಿನಲ್ಲಿದ್ದವು, ಸಿಡಿಎಫ್ ಒಂದೇ ಸಾಲು ಬಿಟ್ಟು ನಿಂತಿತ್ತು. 2023ರಲ್ಲಿ ಅಟ್ಲಾಸ್ ತನ್ನ ಹಳೆಯ ದತ್ತಾಂಶವನ್ನೇ ಹೊಸದಾಗಿ ಕಡೆದು 80,360 ± 16 ಎಂದಿತು. ಆದರೂ ಸಿಡಿಎಫ್‌ನಷ್ಟು ಸೂಕ್ಷ್ಮವಾದ ಎದುರು ಅಳತೆ ಯಾರ ಬಳಿಯೂ ಇರಲಿಲ್ಲ.

ಅದು ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಸರ್ನ್‌ನ ಸಿಎಂಎಸ್ ಪ್ರಯೋಗದಿಂದ. ಮುಂಚೂಣಿಯಲ್ಲಿ ಮತ್ತೆ ವಿಶ್ವವಿದ್ಯಾಲಯದ ತಂಡವೇ, ಈ ಸಲ ಎಂಐಟಿಯದ್ದು. ಸಿಎಂಎಸ್‌ನಲ್ಲಿ ನಮ್ಮವರೂ ಇದ್ದಾರೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಸದಸ್ಯ ಸಂಸ್ಥೆ. ಉಪಕರಣದ ಹೊರಕವಚದಲ್ಲಿ ಶಕ್ತಿ ಅಳೆಯುವ ಒಂದು ಭಾಗವನ್ನು ಕಟ್ಟಿಕೊಟ್ಟದ್ದು ಮುಂಬೈನ ಟಾಟಾ ಸಂಸ್ಥೆ ಮತ್ತು ಚಂಡೀಗಡದ ಪಂಜಾಬ್ ವಿಶ್ವವಿದ್ಯಾಲಯದ ತಂಡಗಳು. ಸರ್ನ್‌ನ ಎಲ್‌ಎಚ್‌ಸಿ ಯಂತ್ರದಲ್ಲಿ ಡಬ್ಲ್ಯೂಗಳಿಗೆ ಬರವಿಲ್ಲ, ಹತ್ತು ಕೋಟಿಗೂ ಹೆಚ್ಚು ಸಿಕ್ಕಿದವು. ಆದರೆ ಅಲ್ಲಿ ಒಂದೇ ಕ್ಷಣದಲ್ಲಿ ಹತ್ತಾರು ಡಿಕ್ಕಿಗಳು ಒಂದರ ಮೇಲೊಂದು ಬೀಳುವುದರಿಂದ, ಕೊರತೆ ಲೆಕ್ಕ ಹಾಕಿ ನ್ಯೂಟ್ರಿನೊ ಹಿಡಿಯುವ ಉಪಾಯ ಕೆಸರಾಗುತ್ತದೆ. ಸಿಎಂಎಸ್ ತಂಡ ಆ ಉಪಾಯವನ್ನೇ ಬಿಟ್ಟುಕೊಟ್ಟು, ಕೇವಲ ಮ್ಯೂಆನ್ ನೋಡಿ ತೂಕ ಹೇಳುವ ಸಾಹಸಕ್ಕೆ ಇಳಿಯಿತು. ಇದಕ್ಕೆ ಪರೀಕ್ಷೆ ಬೇಕಲ್ಲ? ಎರಡು ಮ್ಯೂಆನ್ ಆಗಿ ಒಡೆಯುವ ಜೆಡ್‌ಗಳನ್ನು ತೆಗೆದುಕೊಂಡು, ಎರಡರಲ್ಲಿ ಒಂದನ್ನು ಕಂಡೇ ಇಲ್ಲವೆಂದು ನಟಿಸಿ, ಉಳಿದ ಒಂದರಿಂದ ಜೆಡ್ ತೂಕ ಹೇಳಿ ನೋಡಿದರು. ಸರಿಬಂತು. ಆಮೇಲೆ ಡಬ್ಲ್ಯೂ ಕಡೆಗೆ ತಿರುಗಿದರು. ನಾನೂರು ಕೋಟಿ ಕೃತಕ ಘಟನೆಗಳನ್ನು ಕಂಪ್ಯೂಟರ್‌ನಲ್ಲಿ ಸೃಷ್ಟಿಸಿ ಹೋಲಿಸಿದ ಮೇಲೆ ಬಂದ ಉತ್ತರ 80,360.2 ± 9.9. ಲೆಕ್ಕದ ತೂಕದ ಮಗ್ಗುಲಲ್ಲೇ.

ಹಾಗಾದರೆ ಸಿಡಿಎಫ್ ತಪ್ಪಿತೇ? ಅಂಕಿಗಳನ್ನು ನೋಡಿದರೆ ಎರಡೂ ಸರಿಯಿರಲು ಸಾಧ್ಯವಿಲ್ಲ. ಆದರೆ ಸಿಡಿಎಫ್ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಿದವರಿಲ್ಲ. ನಕಲಿ ಗುಡ್ಡ ಎಬ್ಬಿಸಲು ಅವರು ಬಳಸಿದ ತಂತ್ರಾಂಶ ಹಳೆಯದು ಎಂಬ ಆಕ್ಷೇಪ ಬಂದಿತ್ತು. ಲೆಕ್ಕ ಹಾಕಿ ನೋಡಿದಾಗ ಅದರಿಂದ ಹತ್ತು ಎಂಇವಿ ಸುತ್ತಮುತ್ತ ಕದಲಬಹುದಷ್ಟೆ, ಎಪ್ಪತ್ತು ಅಲ್ಲ. ಸಿಎಂಎಸ್ ಉತ್ತರ ಬರುವ ಮುಂಚೆಯೇ ಟೆವಟ್ರಾನ್, ಎಲ್‌ಎಚ್‌ಸಿ ಎರಡೂ ಯಂತ್ರಗಳ ವಿಜ್ಞಾನಿಗಳು ಜೊತೆಯಾಗಿ ಕುಳಿತು ಹಳೆಯ ಅಳತೆಗಳನ್ನೆಲ್ಲ ಒಂದೇ ಚೌಕಟ್ಟಿಗೆ ತರಲು ಯತ್ನಿಸಿದರು. ಸಿಡಿಎಫ್ ಬಿಟ್ಟರೆ ಉಳಿದವು ಚೆನ್ನಾಗಿ ಒಗ್ಗೂಡಿದವು, ಸಿಡಿಎಫ್ ಸೇರಿಸಿದರೆ ಒಡಕು. ಕಣಗಳ ಅಧಿಕೃತ ಜಾತಕ ಪ್ರಕಟಿಸುವ ಪಾರ್ಟಿಕಲ್ ಡೇಟಾ ಗ್ರೂಪ್ ತನ್ನ ಸರಾಸರಿಯಿಂದ ಸಿಡಿಎಫ್ ಅಂಕಿಯನ್ನು ಹೊರಗಿಟ್ಟು 80,369.2 ± 13.3 ಎಂದು ಬರೆಯಿತು. ಸಿಡಿಎಫ್ ಅಂಕಿಯನ್ನು ಅಳಿಸಲಿಲ್ಲ, ಪಟ್ಟಿಯಲ್ಲಿ ಅದೂ ಇದೆ.

ಬಹುಮತಕ್ಕೆ ಬಿಟ್ಟರೆ ಸಿಡಿಎಫ್ ಸೋತಿತು ಎನ್ನಬೇಕಾಗುತ್ತದೆ. ನಾನು ಅಷ್ಟು ಬೇಗ ಕೈಯೆತ್ತಲಾರೆ. ಈ ತಕ್ಕಡಿಯ ಕೆಲಸದಲ್ಲಿ ಏನೇನು ನೋಡಿದರು, ಹೇಗೆ ನೋಡಿದರು ಎಂಬುದೆಲ್ಲ ಅಚ್ಚಾಗಿ ಎಲ್ಲರ ಮುಂದಿದೆ. ತಂತಿ ಜೋಡಿಸಲು ಆಕಾಶದ ಮ್ಯೂಆನ್ ಬಳಸಿದ ಪ್ರಬಂಧ ಡಬ್ಲ್ಯೂ ಫಲಿತಾಂಶಕ್ಕಿಂತ ಎಂಟು ವರ್ಷ ಮುಂಚೆಯೇ ಬಂದಿತ್ತು. ತಪ್ಪು ಎಲ್ಲಿದೆ ಎಂದು ಯಾರಾದರೂ ಒಂದು ದಿನ ತೋರಿಸುವುದಾದರೆ, ಇಷ್ಟು ಬಿಚ್ಚಿಟ್ಟಿರುವುದರಿಂದಲೇ ತೋರಿಸಬಲ್ಲರು. ಆಗ 9.4 ಎಂದಿದ್ದದ್ದು ಎಷ್ಟಿರಬೇಕಿತ್ತು ಎಂಬ ಪಾಠ ಸಿಎಂಎಸ್‌ನ 9.9ಕ್ಕೂ ಅನ್ವಯಿಸಬಹುದು ಎನ್ನುವುದನ್ನು ಅಲ್ಲಿಯವರು ಬಲ್ಲರು. ಟೆವಟ್ರಾನ್ ಮತ್ತೆ ಓಡುವುದಿಲ್ಲವಾದ್ದರಿಂದ ಅದೇ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುವ ದಾರಿ ಮಾತ್ರ ಮುಚ್ಚಿದೆ.

ಈ ಜಗಳ ಬಗೆಹರಿಸಬಲ್ಲ ಸರ್ನ್ ಯೋಜನೆಗಳಲ್ಲಿ ದೊಡ್ಡದು, ಜಿನೀವಾ ಸುತ್ತಮುತ್ತ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಹೊಸ ಸುರಂಗ. ಅದರಲ್ಲಿ ಮೊದಲು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುವ ಆಲೋಚನೆ. ಡಬ್ಲ್ಯೂ ಜೋಡಿಗಳು ಹುಟ್ಟಲು ಶುರುವಾಗುವ ಶಕ್ತಿಯ ಹೊಸ್ತಿಲು ಎಲ್ಲಿದೆ ಎಂದು ನೋಡಿದರೆ ತೂಕ ತಾನಾಗಿ ಸಿಗುತ್ತದೆ, ನ್ಯೂಟ್ರಿನೊ ಹಿಂದೆ ಓಡಬೇಕಿಲ್ಲ. ಒಂದು ಎಂಇವಿಗಿಂತ ಕಡಿಮೆ ಅನಿಶ್ಚಿತತೆಗೆ ಮುಟ್ಟಬಹುದೆಂಬ ಅಂದಾಜು. ಎಲ್ಲ ಅಂದುಕೊಂಡಂತೆ ನಡೆದು, ಸರ್ನ್‌ನ ಸದಸ್ಯ ದೇಶಗಳು ದುಡ್ಡು ಬಿಚ್ಚಿದರೂ, ಯಂತ್ರ ಓಡುವುದು 2040ರ ದಶಕದ ಕೊನೆಗೆ. ಈ ವರ್ಷ ಪಿಎಚ್‌ಡಿಗೆ ಸೇರುವ ಹುಡುಗ ಹುಡುಗಿಯರ ತಲೆಯಲ್ಲಿ ಅಷ್ಟರೊಳಗೆ ನರೆ ಕಾಣಿಸಿಕೊಂಡಿರುತ್ತದೆ. ಅವರಲ್ಲಿ ಕೆಲವರು ಈಗಿನಿಂದಲೇ ಅದರ ಉಪಕರಣದ ನಕಾಶೆ ಬರೆಯುತ್ತಿದ್ದಾರೆ.